ಕಾರ್ಖಾನೆಗೆ ಹಾಲು ಕೊಡದ ಊರು

ನನ್ನನ್ನು ಆ ಕೆಲಸಕ್ಕೆ ಆರಿಸಿದ್ದು ನನ್ನ ಯೋಗ್ಯತೆ ನೋಡಿ ಅಲ್ಲ, ನನ್ನ ಮುಖ ನೋಡಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿ ಹತ್ತಿರದ ಗಬ್ಬೂರಿನ ಬೈಪಾಸ್ ದಾಟಿ ಒಳಗೆ ಹೋದರೆ ಸಿಗುತ್ತಿದ್ದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಹೆಡ್ ಆಫೀಸಿನಿಂದ ಹುಕುಂ ಬಂತು. ಇನ್ನು ಮೇಲೆ ಪರಿಸರ, ಸುತ್ತಲಿನ ಊರುಗಳ ಯೋಗಕ್ಷೇಮ ನೋಡಿಕೊಳ್ಳಲು ಪ್ರತಿ ಕಾರ್ಖಾನೆಯಲ್ಲೂ ಒಬ್ಬರು ಇರಬೇಕು, ವರ್ಷಕ್ಕೊಮ್ಮೆ ಅದರ ವರದಿ ಕಳಿಸಬೇಕು. ನಮ್ಮ ಮ್ಯಾನೇಜರ್ ಸಾಹೇಬರು ಮೈಸೂರು ಕಡೆಯವರು. ಮೀಟಿಂಗಿನಲ್ಲಿ ಸುತ್ತ ಒಮ್ಮೆ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ನೀವು ಹೇಗೂ ದಿನವಿಡೀ ಏನಾದ್ರೂ ಒಂದು ಚಿಂತೆ ಮಾಡ್ತಾನೇ ಇರ್ತೀರಲ್ಲ ಮೇಡಂ. ಅದನ್ನೇ ಸ್ವಲ್ಪ ಕಂಪನಿ ಪರವಾಗಿ ಮಾಡಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಖರೆ ಇತ್ತಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಗೋಪನಕೊಪ್ಪದ ಬಸ್ ಸ್ಟಾಪಿನಿಂದ ತಿರುಗಿ ಮನೆಗೆ ಓಡುವವಳು ನಾನು. ಬಸ್ಸು ಹತ್ತಿದ ಮೇಲೆ ಡ್ರೈವರನಿಗೆ ನಿದ್ದೆ ಬಂದಿದೆಯೇ ಎಂದು ಮುಂದಿನ ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡುತ್ತ ಕೂಡುವವಳು. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರು ಕೆಮ್ಮಿದರೆ ನಾನು ಎದ್ದು ಕೂಡುತ್ತಿದ್ದೆ. ಆಮೇಲೆ ಅವರು ಕೆಮ್ಮು ಬಂದರೆ ಅಂಗಳಕ್ಕೆ ಹೋಗಿ ಕೆಮ್ಮಿ ಬರುವ ರೂಢಿ ಮಾಡಿಕೊಂಡರು.

ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದದ್ದು ದನ, ಕೋಳಿಗಳ ಮೇವಿಗೆ ಬೆರೆಸುವ ಫಾಸ್ಫೇಟು. ಲಾರಿಯಲ್ಲಿ ಬರುವ ಒಂದು ಬಗೆಯ ಕಲ್ಲನ್ನು ಹಿಟ್ಟಿನಂತೆ ಬೀಸಿ, ಆಮ್ಲದಲ್ಲಿ ಕರಗಿಸಿ, ಸುಣ್ಣ ಹಾಕಿ, ಒಣಗಿಸಿ, ಚೀಲಕ್ಕೆ ತುಂಬುವುದು. ನೋಡಲಿಕ್ಕೆ ಥೇಟ್ ಮೈದಾ ಹಿಟ್ಟು. ತಿಂದ ದನದ ಎಲುಬು ಗಟ್ಟಿಯಾಗುತ್ತದೆ. ಇದರಲ್ಲಿ ಸುಳ್ಳಿಲ್ಲ, ಆ ಪುಡಿಯ ಬಗ್ಗೆ ನನಗೆ ಇವತ್ತಿಗೂ ಅಭಿಮಾನವಿದೆ. ಆದರೆ ಆ ಕಲ್ಲಿನೊಳಗೇ ಫ್ಲೋರೈಡ್ ಎಂಬುದೊಂದು ಅಡಗಿರುತ್ತದೆ. ಅದು ಮಿತಿ ಮೀರಿ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಅದೇ ಎಲುಬು ಕೆಡುತ್ತದೆ. ಕೀಲು ಹಿಡಿಯುತ್ತವೆ, ಹಲ್ಲು ಕಂದುಗಟ್ಟಿ ಸವೆಯುತ್ತವೆ. ಆದ್ದರಿಂದ ಅದನ್ನು ಪುಡಿಯಿಂದ ಬೇರ್ಪಡಿಸಿ, ಸುಣ್ಣದ ಕೆಸರಿನ ಜೊತೆ ಹಿಂದಿನ ಹೊಂಡಕ್ಕೆ ಬಿಡುತ್ತಿದ್ದೆವು. ಹೊಂಡದ ಆಚೆ ಒಂದು ಹಳ್ಳ. ಹಳ್ಳದ ಆಚೆ ಒಂದು ಸಣ್ಣ ಊರು, ಮನೆಗೆ ಎರಡು ಮೂರು ಎಮ್ಮೆ. ಎಲ್ಲೋ ದೂರದ ಸೀಮೆಯ ದನಕ್ಕೆ ತೊಂದರೆಯಾಗಬಾರದೆಂದು ನಾವು ತೆಗೆದಿಟ್ಟದ್ದು, ನಮ್ಮ ಗೋಡೆಯ ಹಿಂದಿನ ಎಮ್ಮೆಗಳು ನೀರು ಕುಡಿಯುವ ಜಾಗದ ದಂಡೆಗೆ ಬಂದು ಕೂತಿತ್ತು.

ಆ ಹೊಂಡಕ್ಕೆ ಕಾಂಕ್ರೀಟು ಇರಲಿಲ್ಲ. ಎರೆಮಣ್ಣಿನಲ್ಲಿ ತೋಡಿ, ಎರೆಮಣ್ಣಿನದೇ ಒಡ್ಡು ಹಾಕಿದ್ದರು. ಎರೆ ಒಮ್ಮೆ ಹಸಿಯಾದರೆ ಹನಿ ನೀರನ್ನೂ ಕೆಳಗೆ ಬಿಡುವುದಿಲ್ಲ, ಸುಮ್ಮನೆ ಯಾಕೆ ಖರ್ಚು ಎಂದು ಲೆಕ್ಕ ಹಾಕಿದ್ದರಂತೆ. ಹಸಿ ಇರುವಾಗ ಆ ಮಾತು ಸರಿಯೇ. ಬೇಸಿಗೆಯಲ್ಲಿ ಅದೇ ಎರೆ ಕೈ ತೂರುವಷ್ಟು ಬಿರಿಯುತ್ತದೆ, ಬಿದ್ದ ಕೀಲಿಕೈ ಕೂಡ ತಿರುಗಿ ಸಿಗುವುದಿಲ್ಲ. ಹೊಂಡ ತೋಡಿಸಿದವರು ಮಳೆಗಾಲದಲ್ಲಿ ಬಂದು, ಕಾಲಿಗೆ ಮೆತ್ತಿದ ಜಿಗುಟು ಮಣ್ಣನ್ನು ಹೊಗಳಿ, ಮಳೆಗಾಲ ಮುಗಿಯುವುದರೊಳಗೆ ಹೋಗಿದ್ದರು.

ಒಡ್ಡು ಬಿರಿದಿದೆ ಎಂದು ನಾನು ಮೀಟಿಂಗಿನಲ್ಲಿ ಹೇಳಿದ್ದೆ. ಆದರೆ ನಾನು ಮೆಟ್ಟಿಲಿನ ಕಂಬಿ ಸಡಿಲವಾಗಿದೆ, ಕ್ಯಾಂಟೀನಿನ ಸಿಲಿಂಡರು ಬಿಸಿಲಿಗಿದೆ ಎಂದೂ ಹೇಳುತ್ತಿದ್ದೆನಲ್ಲ. ಎಲ್ಲ ಒಂದೇ ಗಂಟಿಗೆ ಸೇರಿತು.

ಮುಂಗಾರಿನ ಮೊದಲ ದೊಡ್ಡ ಮಳೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಒಡ್ಡಿನ ಬಿರುಕು ಬಾಯಿ ತೆರೆದಿತ್ತು, ಕೆಸರು ಹಳ್ಳಕ್ಕೆ ಇಳಿದು ನೀರು ಉದ್ದಕ್ಕೂ ಬೆಳ್ಳಗಾಗಿತ್ತು. ಊರಿನವರು ದಂಡೆಗೆ ಬಂದು ನಿಂತಿದ್ದರು. ಯಾರೋ ಕೂಗಿದರು, “ನೋಡ್ರೋ, ಕಂಪನಿಯವ್ರು ಹಾಲಿನ ಹೊಳೀನ ಹರಿಸ್ಯಾರ!” ಇನ್ನೊಬ್ಬರು, “ಎಮ್ಮಿ ಹಿಂಡೂದು ತಪ್ಪಿತು ಬಿಡ್ರಿ, ಕ್ಯಾನು ತರ್ರಿ!” ಎಂದರು. ನಗು ಎದ್ದಿತು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ಗುಂಪಿನಲ್ಲಿ ನಮ್ಮ ಹಾಲಿನಕ್ಕ ಇದ್ದಳು. ದಿನಾ ಬೆಳಿಗ್ಗೆ ಟೆಂಪೋದಲ್ಲಿ ಕ್ಯಾನು ಹೇರಿಕೊಂಡು ಬಂದು ಗೋಪನಕೊಪ್ಪದ ನಮ್ಮ ಓಣಿಗೆಲ್ಲ ಹಾಲು ಹಾಕುತ್ತಿದ್ದವಳು. ಅವಳ ಊರು ಇದೇ ಎಂದು ನನಗೆ ಗೊತ್ತಿತ್ತು, ನನ್ನ ಕಾರ್ಖಾನೆ ಯಾವುದೆಂದು ಅವಳಿಗೂ. ನಮ್ಮ ಬಾಗಿಲಿಗೆ ಬಂದಾಗ ಅವಳು “ಅಕ್ಕಾರ, ಗಾಳಿ ನಮ್ಮ ಕಡೆ ಬಂದ್ರ ನಿಮ್ಮ ಸುಣ್ಣ ನಮ್ಮ ಸೀರಿಗೆ” ಎಂದು ಚೇಷ್ಟೆ ಮಾಡುತ್ತಿದ್ದಳು. ಅವತ್ತು ನೀರಿನತ್ತ ಹೊರಟ ಎಮ್ಮೆಯ ಕೊರಳ ಹಗ್ಗ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು.

ಒಡ್ಡು ಮುಚ್ಚಿದೆವು, ಹಳ್ಳ ತಿಳಿಯಾಯಿತು. ಆದರೆ ಸುದ್ದಿ ಹಾಲಿಗೆ ಹತ್ತಿತು. ಕಾರ್ಖಾನೆಯ ಪುಡಿ ಆ ಊರಿನ ಹಾಲಿನಲ್ಲಿ ಬರುತ್ತಿದೆ ಎಂದು ಹುಬ್ಬಳ್ಳಿಯ ಹೋಟೆಲಿನವರು ಮೊದಲು ಬಿಟ್ಟರು, ಆಮೇಲೆ ಮನೆಗಳು. ನಮ್ಮ ಓಣಿಯಲ್ಲಿ ಒಂದೊಂದೇ ಬಾಗಿಲು ಪಾಕೀಟು ಹಾಲಿಗೆ ತಿರುಗಿತು. ಎದುರುಮನೆಯಾಕೆ ನನ್ನನ್ನು ಕಾಂಪೌಂಡಿಗೆ ಕರೆದು ಕೇಳಿದರು, “ನೀವ ಹೇಳ್ರಿ, ಆ ಹಾಲು ಕಾಸಿದ್ರ ತಳದಾಗ ಬಿಳೀ ಪುಡಿ ಕೂಡ್ತೈತಂತ?”

“ನಮ್ಮ ಮನ್ಯಾಗಂತೂ ಕೂತಿಲ್ರಿ. ನಾವು ಅದನ್ನ ತಗೋತೇವಿ.”

“ನಿಮಗೇನ್ರಿ, ನೀವು ಕಂಪನಿಯವ್ರು. ಅಭ್ಯಾಸ ಆಗಿರ್ತೈತಿ.”

ಒಳಗೆ ಇನ್ನೊಂದು ಕಟಕಟೆ ಕಾದಿತ್ತು. ನನ್ನ ಅತ್ತೆಯವರು ಧಾರವಾಡದ ಸಾಲಿಯೊಂದರಲ್ಲಿ ಮುಖ್ಯ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಹೆಡ್ ಬಾಯಿ, ಆಗಿ ನಿವೃತ್ತರಾದವರು. ಅವರ ಮಾತು ಮೆತ್ತಗೆ ಇರುತ್ತಿತ್ತು, ತಪ್ಪಿಸಿಕೊಳ್ಳಲು ಮಾತ್ರ ಬರುತ್ತಿರಲಿಲ್ಲ. “ನೀ ಓದಿದಾಕಿ, ನಿನಗ ಗೊತ್ತದ ಅಂತೀನಿ. ಆದ್ರ ಆ ಹಾಲಿನ ಚಹಾ ಮಾತ್ರ ನೀನ ಮೊದಲ ಕುಡದು ತೋರ್ಸು. ನಾ ಅರ್ಧಾ ತಾಸು ಬಿಟ್ಟು ಕುಡೀತೀನಿ.”

ಕುಡಿದೆ. ದಿನವೂ ಕುಡಿದೆ. ಅವರಿಗೆ ಕಾಣದಂತೆ ಬಚ್ಚಲಿನ ಕನ್ನಡಿಯ ಮುಂದೆ ತುಟಿ ಎತ್ತಿ ಹಲ್ಲಿನ ಬಣ್ಣ ನೋಡಿಕೊಂಡೆ. ಮೆಟ್ಟಿಲು ಇಳಿಯುವಾಗ ಮೊಣಕಾಲು ಸಪ್ಪಳ ಮಾಡಿದರೆ ಅಲ್ಲೇ ನಿಂತುಬಿಡುತ್ತಿದ್ದೆ. ಫ್ಲೋರೈಡು ಹಾಗೆ ವಾರದೊಳಗೆ ಕೀಲಿಗೆ ಬರುವುದಿಲ್ಲ ಎಂದು ತಿಳಿದ ಕೆಮಿಸ್ಟ್ ಒಬ್ಬಳು, ಹಲ್ಲು ನೋಡಿಕೊಳ್ಳುವ ಹೆಂಗಸು ಇನ್ನೊಬ್ಬಳು. ಇಬ್ಬರೂ ಒಂದೇ ಸೀರೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು.

ಹಾಲಿನಕ್ಕನ ಕ್ಯಾನು ಅರ್ಧ ತುಂಬಿಯೇ ತಿರುಗಿ ಹೋಗತೊಡಗಿತು. ಒಂದು ಮುಂಜಾನೆ ಅವಳು ನಮ್ಮ ಪಾತ್ರೆಗೆ ಹಾಲು ಸುರಿದು, ಕ್ಯಾನಿನ ಮುಚ್ಚಳ ಹಾಕದೆ ಕಟ್ಟೆಯ ಮೇಲೆ ಕೂತಳು.

“ಅಕ್ಕಾರ, ನಾ ಒಂದು ಕೇಳ್ತೇನಿ, ಖರೇ ಹೇಳ್ರಿ. ನನ್ನ ಹಾಲು ಕೆಟ್ಟೈತೇನ್ರಿ?”

“ನೋಡಿ ಹೇಳ್ತೀನಿ.”

“ನೋಡಿ ಅಂದ್ರ?”

“ಪರೀಕ್ಷಾ ಮಾಡಿ. ಬರೇ ಹಾಲಲ್ಲ, ನೀರು, ಎಮ್ಮಿ, ಎಲ್ಲಾ.”

“ಎಮ್ಮಿಗೂ ಪರೀಕ್ಷಾ! ಪಾಸಾಗಾಕ ಅದೇನು ಸಾಲಿ ಕಲ್ತೈತೇನ್ರಿ?” ಎಂದು ನಕ್ಕಳು. ಆದರೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು, “ಕೆಟ್ಟೈತಿ ಅಂದ್ರೂ ನನಗ ಮೊದಲ ಹೇಳ್ರಿ. ಮಂದಿ ಬಾಯಿಂದ ಕೇಳಿ ಸಾಕಾಗೇತಿ.”

ಹಾಲು, ಹಳ್ಳದ ನೀರು, ಊರಿನ ಬೋರಿನ ನೀರು ಹಿಡಿಯುವುದು ಸುಲಭ. ದನದ ಮೈಯೊಳಗೆ ಫ್ಲೋರೈಡು ಎಷ್ಟು ಹೋಗುತ್ತಿದೆ ಎಂದು ತಿಳಿಯಬೇಕಾದರೆ ಅದರ ಮೂತ್ರ ನೋಡಬೇಕು. ಹೀಗೆ ನಾನು, ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದವಳು, ಕಾಟನ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೈಯಲ್ಲಿ ಪ್ಲಾಸ್ಟಿಕ್ ಮಗ್ಗು ಹಿಡಿದು, ಒಂದು ಎಮ್ಮೆಯ ಹಿಂದೆ ನಿಂತೆ. ಎಮ್ಮೆಗೆ ಅವಸರವಿರಲಿಲ್ಲ. ಅದು ಒಮ್ಮೆ ಬಾಲ ಎತ್ತಿತು, ನಾನು ಮುಂದೆ ಹೋದೆ, ಅದು ಸಗಣಿ ಹಾಕಿತು. ದನದ ಮನೆಯ ಬಾಗಿಲಿನಲ್ಲಿ ಊರಿನ ಹೆಂಗಸರೆಲ್ಲ ಕೂಡಿದ್ದರು.

“ಎಲ್ಲಾರೂ ಹಾಲು ಒಯ್ತಾರ, ನಮ್ಮ ಅಕ್ಕಾರ ನೋಡ್ರಿ!”

“ಡಿಗ್ರಿ ಅಂದ್ರ ಇದ ಏನ್ರಿ?”

“ನಮ್ಮ ಎಮ್ಮಿಗೆ ನಾಚಿಕಿ ಬರಾಕತ್ತೈತಿ, ನೀವು ಆ ಕಡೆ ಮುಖ ಮಾಡ್ರಿ, ಅಂದ್ರ ಹೊಯ್ತೈತಿ.”

ಆ ಕಡೆ ಮುಖ ಮಾಡಿದೆ. ಹೊಯ್ಯಿತು. ನನ್ನ ಕಾಲಿನ ಮೇಲೆ.

ಹೋಲಿಸಿ ನೋಡಲು ದೂರದ ಎಮ್ಮೆಗಳೂ ಬೇಕಿದ್ದವು. ಹೆಬ್ಬಳ್ಳಿಯಲ್ಲಿ ಪರಿಚಯದವರ ಹೊಲದ ಮನೆಗೆ ಹೋಗಿ, ಹಾಲು, ಬೋರಿನ ನೀರು ಹಿಡಿದುಕೊಂಡು, ಅಲ್ಲಿಯೂ ಮಗ್ಗು ಹಿಡಿದು ನಿಂತೆ. ಆ ಮನೆಯ ಅಜ್ಜ ಚಾಪೆ ಹಾಕಿಸಿ, ಅವಲಕ್ಕಿ ಕೊಡಿಸಿ, ಬಹಳ ಮರ್ಯಾದೆಯಿಂದ ಕೇಳಿದರು, “ತಂಗೀ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲಾ?”

ಪರೀಕ್ಷೆ ಒಮ್ಮೆ ಮಾಡಿದೆ, ನಂಬಿಕೆ ಬರದೆ ಮತ್ತೆ ಮಾಡಿದೆ, ಆಮೇಲೆ ಚಿಂತೆಯ ಸ್ವಭಾವದಿಂದ ಮೂರನೆಯ ಸಲವೂ ಮಾಡಿದೆ. ಹಾಲಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹೆಬ್ಬಳ್ಳಿಯ ಹಾಲಿಗೂ ಹಾಲಿನಕ್ಕನ ಹಾಲಿಗೂ ವ್ಯತ್ಯಾಸವಿಲ್ಲ. ಆದರೆ ಮೂತ್ರದಲ್ಲಿ ಇತ್ತು. ಹೆಬ್ಬಳ್ಳಿಯ ಎಮ್ಮೆಗಳಿಗಿಂತ ಹಳ್ಳದ ದಂಡೆಯ ಎಮ್ಮೆಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಅಂದರೆ ಒಡ್ಡು ಒಡೆದ ಆ ಒಂದು ದಿನದ ಮಾತಲ್ಲ ಇದು. ಬಿರುಕಿನೊಳಗಿಂದ ಹೊಂಡ ಮೊದಲಿನಿಂದಲೂ ಸುಮ್ಮನೆ ಒಸರುತ್ತಿತ್ತು. ಎಮ್ಮೆ ಹಳ್ಳದಲ್ಲಿ ಕುಡಿದ ಫ್ಲೋರೈಡಿನಲ್ಲಿ ಒಂದಿಷ್ಟನ್ನು ತನ್ನ ಎಲುಬಿನಲ್ಲಿ ಇಟ್ಟುಕೊಂಡು, ಒಂದಿಷ್ಟನ್ನು ಹೊರಗೆ ಹಾಕಿ, ಕರುವಿಗೂ ನಮಗೂ ಕೊಡುವ ಹಾಲಿಗೆ ಮಾತ್ರ ಬಿಡುತ್ತಿರಲಿಲ್ಲ.

ಹಾಲಿನಕ್ಕನಿಗೆ ಮೊದಲು ಹೇಳಿದೆ. ಹಾಲು ಛಲೋ ಇದೆ ಎಂದಾಗ ಅವಳ ಮುಖ ಅರಳಿತು. ಉಳಿದದ್ದನ್ನೂ ಹೇಳಿದೆ. ಕೇಳಿ ಅವಳು, ತನ್ನ ಹಿರಿಯ ಎಮ್ಮೆ ಈಚೆಗೆ ಏಳುವಾಗ ಮುಂಗಾಲು ಊರಲು ಒದ್ದಾಡುತ್ತದೆ ಎಂದಳು. ದನದ ಡಾಕ್ಟರು ವಯಸ್ಸು ಅಂದಿದ್ದರಂತೆ. ಅದು ನಮ್ಮ ಹೊಂಡದಿಂದಲೇ ಎಂದು ನಾನು ಸಾಬೀತು ಮಾಡಲಾರೆ, ಅಲ್ಲವೆಂದು ಕಂಪನಿಯೂ ಸಾಬೀತು ಮಾಡಲಾರದು. ಅದನ್ನೂ ಹಾಗೆಯೇ ಹೇಳಿದೆ.

“ಅಂದ್ರ ಎಮ್ಮಿ ತಾ ತಿಂದು ನಮ್ಮನ್ನ ಉಳಸಾಕತ್ತೈತಿ” ಎಂದಳು.

ಸಾಹೇಬರಿಗೆ ಎರಡೂ ವಿಷಯ ಹೇಳಿದೆ. ಅವರು ಮೊದಲನೆಯದನ್ನಷ್ಟೇ ಕೇಳಿಸಿಕೊಂಡರು. ಕುರ್ಚಿಯಿಂದ ಎದ್ದೇ ಬಿಟ್ಟರು.

“ಹಾಲು ಶುದ್ಧ! ಬಂಗಾರದಂಥ ಸುದ್ದಿ ಮೇಡಂ. ಕರಪತ್ರ ಹಾಕ್ಸೋಣ. ಊರವರನ್ನ ಕರೆದು ಸಭೆ ಮಾಡೋಣ. ಹೆಡ್ ಆಫೀಸ್ ವರದಿಗೂ ಆಯ್ತು.”

“ಆದ್ರ ಸರ್, ಎಮ್ಮಿ...”

“ಎಮ್ಮೆ ವಿಷಯ ಆಮೇಲೆ ನೋಡೋಣ. ಈ ಸೀಮೆ ಬೋರ್ ನೀರಲ್ಲೂ ಫ್ಲೋರೈಡ್ ಇರುತ್ತೆ, ನೀವೇ ಹೇಳಿದ್ರಿ.”

“ಹೆಬ್ಬಳ್ಳಿ ಬೋರಿನಾಗೂ ಅಷ್ಟ ಇತ್ತು ಸರ್. ಎಮ್ಮಿಯೊಳಗ ಇಷ್ಟು ಇರ್ಲಿಲ್ಲ.”

“ಅರ್ಧ ಸತ್ಯ ಹೇಳೋದು ಸುಳ್ಳಲ್ಲ ಮೇಡಂ. ಸಭೆಯಲ್ಲಿ ಕೇಳಿದ್ರೆ ಹಾಲು ಶುದ್ಧ ಅನ್ನಿ, ಕೂತ್ಕೊಳ್ಳಿ.”

ಸಭೆಯ ಹಿಂದಿನ ದಿನ ನನಗೆ ಅನ್ನ ಸೇರಲಿಲ್ಲ. ನೌಕರಿ ಹೋದರೆ, ಮನೆಯ ಸಾಲದ ಕಂತು ನಿಂತರೆ, ಯಜಮಾನರು ಮತ್ತೆ ಅಂಗಳಕ್ಕೆ ಹೋಗಿ ಕೆಮ್ಮಬೇಕಾದರೆ ಎಂದು ತಲೆ ಗಿರಿಗಿರಿ ಸುತ್ತುತ್ತಿತ್ತು. ಇಷ್ಟು ವರ್ಷ ಚಿಂತೆ ಮಾಡಿ ನಾನು ಒಂದು ವಿಷಯ ಕಂಡುಕೊಂಡಿದ್ದೇನೆ. ಸಣ್ಣ ಸಣ್ಣದಕ್ಕೆ ಹೆದರುವವರು ದೊಡ್ಡದು ಬಂದಾಗ ಹೊಸದಾಗಿ ಹೆದರಬೇಕಾಗಿಲ್ಲ. ಗವಾಯಿಗಳ ಹಾಗೆ ದಿನವೂ ರಿಯಾಜು ಆಗಿರುತ್ತದೆ.

ಕ್ಯಾಂಟೀನಿನ ಮುಂದೆ ಶಾಮಿಯಾನ ಹಾಕಿದ್ದರು. ಊರಿನವರು, ಆ ಊರಿನಿಂದಲೇ ಬಂದು ನಮ್ಮಲ್ಲಿ ದುಡಿಯುವ ಕೆಲಸಗಾರರು, ಹೆಂಗಸರು ಎಲ್ಲ ಸೇರಿದ್ದರು. ಸಾಹೇಬರು ಕಂಪನಿ ನೆಟ್ಟ ಗಿಡಗಳ ಬಗ್ಗೆ, ಸಾಲಿಯ ಕಾಂಪೌಂಡಿಗೆ ಹಚ್ಚಿಸಿದ ಬಣ್ಣದ ಬಗ್ಗೆ ಮಾತಾಡಿ, ಕೊನೆಗೆ ಕರಪತ್ರ ಎತ್ತಿ ಹಿಡಿದು, “ನಿಮ್ಮ ಹಾಲು ನೂರಕ್ಕೆ ನೂರು ಶುದ್ಧ, ಪರೀಕ್ಷೆ ಮಾಡಿದ ಮೇಡಂ ಇಲ್ಲೇ ಇದಾರೆ” ಎಂದರು. ಚಪ್ಪಾಳೆ ಬಿತ್ತು. ನಾನು ಎದ್ದೆ. ಮೈಕಿನ ಕಂಬಿ ಹಿಡಿದುಕೊಂಡೆ.

“ಹಾಲು ಶುದ್ಧ ಅದ. ನಾನು ದಿನಾ ಅದನ್ನ ಕುಡೀತೀನಿ” ಎಂದೆ. ಸಾಹೇಬರು ಕುಳಿತುಕೊಳ್ಳುವಂತೆ ಕಣ್ಣಲ್ಲೇ ಸನ್ನೆ ಮಾಡಿದರು. “ಯಾಕ ಶುದ್ಧ ಅದ ಅಂದ್ರ, ನಮ್ಮ ಹೊಂಡದಿಂದ ಬರೋದನ್ನ ನಿಮ್ಮ ಎಮ್ಮಿ ತಮ್ಮ ಎಲುಬಿನ್ಯಾಗ ಇಟ್ಕೊಳ್ಳಿಕತ್ತಾವ. ಹಾಲಿಗೆ ಬಿಟ್ಟಿಲ್ಲ. ಹೊಂಡ ಪಕ್ಕಾ ಆಗೋತನಕ ದನಾ ಹಳ್ಳಕ್ಕ ಬಿಡಬ್ಯಾಡ್ರಿ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಹೇಬರು ಮೈಕು ಕಸಿದುಕೊಳ್ಳುವವರಂತೆ ಬಂದು, ಎಲ್ಲ ಪರಿಶೀಲಿಸುತ್ತೇವೆ, ಈಗ ಎಲ್ಲರೂ ಚಹಾ ತೆಗೆದುಕೊಳ್ಳಿ ಎಂದರು.

ಆ ಚಹಾ ನಮ್ಮನ್ನು ಮುಳುಗಿಸಿತು. ಅಥವಾ ಎತ್ತಿತು ಎನ್ನಬೇಕೋ.

ಹಾಲು ಮಾರುವ ಊರಿಗೆ ನೀವು ಯಾವ ಚಹಾ ಕೊಡುತ್ತೀರಿ ಎಂಬುದು ನಮ್ಮ ಕಡೆ ಸಣ್ಣ ಮಾತಲ್ಲ. ಮನೆಗೆ ಬಂದವರ ಮುಂದೆ ಕಪ್ಪು ಇಟ್ಟರೆ ಅವರು ಮೊದಲು ಹಾಲಿನ ಬಗ್ಗೆಯೇ ಮಾತಾಡುತ್ತಾರೆ. ಒಂದು ಗುಟುಕಿಗೇ ಇಡೀ ಶಾಮಿಯಾನಕ್ಕೆ ಗೊತ್ತಾಯಿತು. ಎಮ್ಮೆಯ ಹಾಲು ಕುಡಿದು ಬೆಳೆದ ನಾಲಿಗೆಗಳು ಅವು. ಹಾಲಿನಕ್ಕ ಕಪ್ಪು ಹಿಡಿದುಕೊಂಡೇ ಕ್ಯಾಂಟೀನಿನ ಕಾಕಾನನ್ನು ಕರೆದಳು.

“ಕಾಕಾ, ಇದು ಯಾರ ಹಾಲೋ?”

ಕಾಕಾ ಸಾಹೇಬರ ಮುಖ ನೋಡಿದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ, ಆ ಹೊತ್ತಿಗೆ ಹೊಳೆಯಲಿಲ್ಲ. “ಪಾಕೀಟಿಂದು, ಅವ್ವಾ.”

“ಮೊದಲ ನಮ್ಮ ಊರಿಂದ ಒಯ್ತಿದ್ದಿ?”

“ಮಳಿ ಆದ ಮ್ಯಾಲೆ ಬಿಟ್ಟೇವಿ. ಸಾಹೇಬ್ರು ಸದ್ಯಕ್ಕ ಬ್ಯಾಡ ಅಂದ್ರು.”

ನನಗೆ ಅದು ಗೊತ್ತಿತ್ತು. ಆಗಲೇ ಕೇಳಿದ್ದೆ, ನನಗೂ “ಸದ್ಯಕ್ಕೆ ಮೇಡಂ” ಎಂಬ ಉತ್ತರವೇ ಸಿಕ್ಕಿತ್ತು. ಈಗ ಸಾಹೇಬರ ಕೈಯಲ್ಲಿ ಹಾಲು ಶುದ್ಧ ಎಂಬ ಕರಪತ್ರ, ಮೇಜಿನ ಮೇಲೆ ಪಾಕೀಟು ಹಾಲಿನ ಚಹಾ. ಅವರು ಕೆಟ್ಟ ಮನುಷ್ಯರಲ್ಲ, ತಟ್ಟನೆ ಮೈಕಿನಲ್ಲಿ ಹೇಳಿಬಿಟ್ಟರು, “ತಪ್ಪಾಯ್ತು. ನಾಳೆಯಿಂದ ಕ್ಯಾಂಟೀನಿಗೆ ಪೂರ್ತಿ ಹಾಲು ನಿಮ್ಮ ಊರಿಂದಲೇ. ಸರಿ ತಾನೆ?”

ಅವಳ ಕ್ಯಾನು ದಿನವೂ ಅರ್ಧ ತಿರುಗಿ ಹೋಗುತ್ತಿತ್ತು. ಅವಳು ಹೂಂ ಅನ್ನುತ್ತಾಳೆ ಎಂದು ನಾನು ತಿಳಿದಿದ್ದೆ. ಅಂದಿದ್ದರೆ ಯಾರೂ ತಪ್ಪು ಹುಡುಕುತ್ತಿರಲಿಲ್ಲ.

“ನಾವು ಕೊಟ್ರ ಹೌದಲ್ರಿ, ಸಾಹೇಬ್ರ?” ಎಂದಳು ಹಾಲಿನಕ್ಕ. “ನೀವು ನಮ್ಮ ಹಾಲು ಕುಡುದ್ರ, ಮಂದಿಗೆ ಹಾಲು ತೋರಿಸ್ತೀರಿ, ಎಮ್ಮಿ ಮರೀತೀರಿ. ಮೊದಲ ಹೊಂಡಾ ಪಕ್ಕಾ ಮಾಡ್ರಿ, ದನಕ್ಕ ಬ್ಯಾರೆ ನೀರು ಮಾಡ್ರಿ. ಅಲ್ಲೀತನ ಒಂದು ಹನಿ ಕೊಡಂಗಿಲ್ಲ.”

ಕಪ್ಪಿನೊಳಗಿನ ಚಹಾವನ್ನು ಶಾಮಿಯಾನದ ಅಂಚಿಗೆ ಚೆಲ್ಲಿ, ಬಸಿಯ ಮೇಲೆ ಕಪ್ಪನ್ನು ಬೋರಲು ಹಾಕಿಟ್ಟಳು. ಪಕ್ಕದವಳೂ ಹಾಕಿದಳು. ಆಮೇಲೆ ಬರೀ ಕಪ್ಪು ಬಸಿಯ ಸಪ್ಪಳ.

ಮರುದಿನ ಮೊದಲ ಪಾಳಿಯ ಚಹಾ ಹೊತ್ತಿಗೆ, ಆ ಊರಿನ ಕೆಲಸಗಾರರು ಕಾಕಾನಿಗೆ ಹೇಳಿದರಂತೆ, “ಹಾಲು ಬ್ಯಾಡ, ಕರೇ ಚಾ ಕೊಡು.” ಅದನ್ನು ನೋಡಿ ಬೇರೆ ಊರುಗಳ ಕೆಲಸಗಾರರು, ಲೋಡಿಂಗಿನವರು, ವಾರ ಕಳೆಯುವುದರೊಳಗೆ ಆಫೀಸಿನ ಗುಮಾಸ್ತರು ಕೂಡ ಕರೇ ಚಹಾಕ್ಕೆ ತಿರುಗಿದರು. ಕೆಲಸ ಒಂದು ಗಳಿಗೆಯೂ ನಿಲ್ಲಲಿಲ್ಲ, ಘೋಷಣೆ ಇಲ್ಲ, ಬೇಡಿಕೆಯ ಪಟ್ಟಿ ಇಲ್ಲ. ಸಾಹೇಬರು ಕ್ಯಾಂಟೀನಿಗೆ ಬಂದು, “ಇದೇನು ಸ್ಟ್ರೈಕಾ?” ಎಂದು ರೇಗಿದರು.

“ಛೇ ಛೇ, ಎಲ್ಲಿ ಸ್ಟ್ರೈಕ್ರಿ ಸಾಹೇಬ್ರ. ಚಾ ಕುಡ್ಯಾಕತ್ತೇವಿ” ಎಂದ ಬಾಯ್ಲರಿನವನು. “ಪಾಕೀಟ ಹಾಲು ಹೊಟ್ಟಿಗೆ ಒಗ್ಗವಲ್ದು. ಡಾಕ್ಟರ್ ಚೀಟಿ ಬೇಕೇನ್ರಿ?”

ಕರೇ ಚಹಾ ಕುಡಿಯಬಾರದು ಎಂದು ಯಾವ ಕಾಯಿದೆಯಲ್ಲೂ ಇಲ್ಲ. ನನಗೆ ಅದು ಒಂದಿಷ್ಟೂ ಸೇರುತ್ತಿರಲಿಲ್ಲ, ಎದೆ ಉರಿಯುತ್ತಿತ್ತು, ಎದೆ ಉರಿ ಎಂದರೆ ಹೃದಯದ್ದೇ ಇರಬೇಕೆಂದು ಇನ್ನೊಂದು ಚಿಂತೆ ಹತ್ತಿತು. ಆದರೂ ಕಾರ್ಖಾನೆಯೊಳಗೆ ನಾನೂ ಕರೇ ಚಹಾವನ್ನೇ ಕುಡಿದೆ. ಸಾಹೇಬರು ನನ್ನನ್ನು ಆ ಪರಿಸರದ ಜವಾಬ್ದಾರಿಯಿಂದ ತೆಗೆದು ಬರೀ ಲ್ಯಾಬಿಗೆ ಹಾಕಿದರು. ಹೆಡ್ ಆಫೀಸಿಗೆ ನನ್ನ ಬಗ್ಗೆ ಏನು ಹೇಳಿದರೋ, ಆ ವರ್ಷ ನನ್ನ ಬಡ್ತಿ ತಪ್ಪಿತು. ಅಷ್ಟೇ ತಪ್ಪಿತಲ್ಲ ಎಂದು ಅತ್ತೆಯವರು ಶಿರಾ ಮಾಡಿದರು. ಅರ್ಧ ತಾಸು ಕಾಯದೆ, ಅದೇ ಹಾಲಿನ ಚಹಾವನ್ನು ನನ್ನ ಜೊತೆಗೇ ಕುಡಿದರು.

ಚಳಿಗಾಲದಲ್ಲಿ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬಂದರು, ನಮ್ಮ ಪುಡಿ ಕೊಂಡು ದನದ ಮೇವು ತಯಾರಿಸುವವರು. ಅವರು ಲ್ಯಾಬಿನಲ್ಲಿ ಕುಳಿತಿದ್ದಾಗ ಕಾಕಾ ಟ್ರೇ ತಂದ. ಕಾಕಾ ಗಿರಾಕಿಗಳಿಗೂ ಕರೇ ಚಹಾವನ್ನೇ ತಂದಿದ್ದ. ಮರೆತು ತಂದನೋ ಬೇಕೆಂದು ತಂದನೋ ನಾನು ಯಾವತ್ತೂ ಕೇಳಿಲ್ಲ. ಅವರಲ್ಲಿ ಹಿರಿಯರು ಕಪ್ಪು ನೋಡಿ ನಕ್ಕರು.

“ಏನ್ರೀ ಇದು? ಎಮ್ಮೆಗೆ ಹಾಲು ಹೆಚ್ಚು ಮಾಡೋ ಕಂಪನಿಯಲ್ಲಿ ಚಹಾಕ್ಕೆ ಹಾಲಿಲ್ವಾ?”

ಸಾಹೇಬರು ಏನೋ ಹೇಳಹೊರಟರು. ಗಿರಾಕಿ ನನ್ನ ಕಡೆ ನೋಡುತ್ತಿದ್ದರು. ನಾನೇ ಹೇಳಿದೆ, “ಹಿಂದಿನ ಊರಿನವ್ರು ನಮಗ ಹಾಲು ಕೊಡೂದಿಲ್ರಿ. ನಮ್ಮ ಹೊಂಡಾ ಅವರ ಎಮ್ಮಿ ಎಲುಬು ಕೆಡಸ್ಲಿಕತ್ತದ ಅಂತ. ಅವರು ಹೇಳೋದು ಖರೇ ಅದ.”

ಅವರು ಕಪ್ಪು ಕೆಳಗಿಟ್ಟು ಹೊಂಡ ನೋಡಬೇಕು ಎಂದರು. ಹೋಗಿ ನೋಡಿದರು. ಗಿರಾಕಿಗಳು ಹೋಗುವಾಗ ಹೇಳಿದ್ದು ಇಷ್ಟೇ. ತಮ್ಮ ಮೇವಿನ ಚೀಲದ ಮೇಲೆ ಎಮ್ಮೆಯ ಚಿತ್ರವಿದೆ, ಇದು ಹೊರಗೆ ಗೊತ್ತಾದರೆ ಆ ಚೀಲವನ್ನು ಯಾವ ಮುಖದಿಂದ ಮಾರುವುದು, ಇದು ಸರಿಯಾಗುವವರೆಗೆ ಹೊಸ ಆರ್ಡರು ಇಲ್ಲ.

ಆ ಬೇಸಿಗೆಯಲ್ಲಿ ಹೊಂಡ ಬತ್ತಿಸಿದರು. ತಳಕ್ಕೂ ಒಡ್ಡಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಕಾಂಕ್ರೀಟು ಹಾಕಿದರು. ಹಳ್ಳದ ಆಚೆ ದನಕ್ಕೆ ಒಂದು ತೊಟ್ಟಿ ಕಟ್ಟಿ ದೂರದಿಂದ ಒಳ್ಳೆಯ ನೀರಿನ ಪೈಪು ಎಳೆದರು. ಹೆಡ್ ಆಫೀಸಿನ ವರದಿಯಲ್ಲಿ ಅದು ಕಂಪನಿಯ ದೂರದೃಷ್ಟಿ ಎಂದು ಬಂತು, ತೊಟ್ಟಿಯ ಬಣ್ಣದ ಫೋಟೋ ಸಮೇತ. ಬರಲಿ. ಫೋಟೋದಲ್ಲಿ ಎಮ್ಮೆ ಇತ್ತು, ಅಷ್ಟು ಸಾಕು.

ಮುಂದಿನ ಮುಂಗಾರಿನಲ್ಲಿ ಎರಡು ದೊಡ್ಡ ಮಳೆ ಬಿದ್ದು, ಹೊಂಡ ತುಂಬಿ, ಒಡ್ಡು ಗಟ್ಟಿ ನಿಂತದ್ದನ್ನು ಊರಿನ ಹೆಂಗಸರು ತಾವೇ ಬಂದು ಸುತ್ತ ನಡೆದು ನೋಡಿದರು. ಆಮೇಲೇ ಕ್ಯಾನು ಗೇಟಿನೊಳಗೆ ಬಂದದ್ದು. ಹಾಲಿನಕ್ಕ ಕಾಕಾನ ಪಾತ್ರೆಗೆ ಸುರಿಯುತ್ತ ಸಾಹೇಬರಿಗೆ ಕೇಳುವಂತೆ ಹೇಳಿದಳು, “ಹಳ್ಳ ಬೆಳ್ಳಗಾದ ದಿನ ಹಾಲು ಕರ್ರಗಾಗ್ತೈತಿ, ನೆನಪಿರ್ಲಿ.” ಸಾಹೇಬರು ನಕ್ಕು ಕೈ ಮುಗಿದರು. ಅವಳು ನಗಲಿಲ್ಲ. ಅವಳ ಹಿರಿಯ ಎಮ್ಮೆ ಆ ಬೇಸಿಗೆಯಲ್ಲೇ ನೆಲ ಹಿಡಿದು ಮತ್ತೆ ಎದ್ದಿರಲಿಲ್ಲ.

ಕಾರ್ಖಾನೆಯವರೇ ಆ ಹಾಲು ಕುಡಿಯುತ್ತಿದ್ದಾರೆ ಎಂಬ ಸುದ್ದಿ ಗೋಪನಕೊಪ್ಪಕ್ಕೆ ತಲುಪಲು ತಡವಾಗಲಿಲ್ಲ. ಒಂದು ಮುಂಜಾನೆ ಟೆಂಪೋ ನಿಂತಾಗ ಎದುರುಮನೆಯಾಕೆ, ಪಕ್ಕದವರು, ಮೂಲೆ ಮನೆಯವರು ಎಲ್ಲ ಪಾತ್ರೆ ಹಿಡಿದು ನಮ್ಮ ಕಟ್ಟೆಯ ಹತ್ತಿರ ನಿಂತಿದ್ದರು. ಹಾಲಿನಕ್ಕ ನಮ್ಮ ಪಾತ್ರೆಗೆ ಸುರಿದು ಮುಚ್ಚಳ ಹಾಕಿದಳು.

“ಏ ಹಾಲಿನಕ್ಕ, ನಮಗೂ ಹಾಕು, ಮೊದಲಿನಂಗ” ಎಂದರು ಎದುರುಮನೆಯಾಕೆ.

“ಹಾಲು ಇಲ್ರಿ, ಬಾಯಾರ.”

“ಕ್ಯಾನಿನ್ಯಾಗ ಕಾಣಸಾಕತ್ತೈತಲ್ಲ!”

“ಅದು ಫ್ಯಾಕ್ಟರಿದ್ರಿ. ನಿಮ್ಮ ಪಾಲಿಂದು ಈಗ ಅವ್ರು ಕುಡೀತಾರ. ಅವ್ರು ಹೊಂಡಾ ಕಟ್ಟಿ ಕೇಳ್ಯಾರ. ನೀವು ನನ್ನ ಒಂದು ಮಾತು ಕೇಳಲಾರದ ಬಿಟ್ರಿ.”

ಎದುರುಮನೆಯಾಕೆ ನನ್ನ ಕಡೆ ತಿರುಗಿದರು. “ನೀವರ ಒಂದು ಮಾತು ಹೇಳ್ರಿ ಅಕಿಗೆ. ನಿಮ್ಮ ಮಾತು ಕೇಳ್ತಾಳ.”

ಓಣಿಯ ಜೊತೆ ಕೆಡಿಸಿಕೊಳ್ಳುವುದೆಂದರೆ ನನಗೆ ಜೀವ ಹೋದಷ್ಟು ಹೆದರಿಕೆ. ನಾಳೆ ಗಣಪತಿ ಹಬ್ಬಕ್ಕೆ ಕರೆಯದಿದ್ದರೆ, ನಲ್ಲಿ ನೀರಿನ ಸರದಿಯಲ್ಲಿ ಜಗಳ ತೆಗೆದರೆ, ಅತ್ತೆಯವರನ್ನು ಯಾರೂ ಮಾತಾಡಿಸದಿದ್ದರೆ ಎಂದು ಒಂದು ಕ್ಷಣದಲ್ಲಿ ಎಲ್ಲ ಎಣಿಸಿದೆ. ಎಣಿಸಿ ಮುಗಿದ ಮೇಲೆ ಹೇಳಿದೆ.

“ಎಮ್ಮಿ ಅಕಿವು, ಹಾಲು ಅಕಿದು. ಯಾರಿಗೆ ಹಾಕಬೇಕು ಅನ್ನೋದು ಅಕಿಗೇ ಬಿಟ್ಟದ್ದು. ನಾ ಯಾಕ ಹೇಳ್ಲಿ?”

ಹಾಲಿನಕ್ಕ ಕ್ಯಾನು ಎತ್ತಿ ಟೆಂಪೋಕ್ಕೆ ಇಟ್ಟಳು. ಗಾಡಿ ಗಬ್ಬೂರಿನ ಕಡೆ ಹೊರಟಿತು. ಪಾತ್ರೆ ಹಿಡಿದವರು ನನ್ನನ್ನು ನೋಡುತ್ತ ನಿಂತರು. ನಾನೂ ನಮ್ಮ ಹಾಲಿನ ಪಾತ್ರೆ ಹಿಡಿದು, ಒಳಗೆ ಹೋಗದೆ, ಅವರನ್ನು ನೋಡುತ್ತ ನಿಂತೆ.